ಎರಡು ಡೆಕ್ಕಿನ ಹಡಗು, 795 ಜನ, 90 ದಿನ: 1852ರ ಒಂದು ವಲಸೆ ಪ್ರಯಾಣದ ಪ್ರಕರಣ ಅಧ್ಯಯನ

1852ರ ಆಗಸ್ಟ್ 4ಕ್ಕೆ ಇಂಗ್ಲೆಂಡಿನ ಲಿವರ್‌ಪೂಲ್ ಎದುರುಗಡೆ ಇರೋ ಬರ್ಕನ್‌ಹೆಡ್‌ನಿಂದ ಟಿಕಾಂಡರೋಗ ಅನ್ನೋ ಹಾಯಿಹಡಗು 795 ವಲಸಿಗರನ್ನ ಹತ್ತಿಸ್ಕೊಂಡು ಆಸ್ಟ್ರೇಲಿಯಾಗೆ ಹೊರಟಿತು. ನವೆಂಬರ್ 3ಕ್ಕೆ, ಅಂದ್ರೆ ಸುಮಾರು 90 ದಿನದ ಮೇಲೆ, ಮೆಲ್ಬರ್ನ್ ಊರಿನ ಕೊಲ್ಲಿ ಬಾಯಿಗೆ ಬಂದಾಗ ಅದರ ಕಂಬದ ಮೇಲೆ ಹಳದಿ ಬಾವುಟ ಇತ್ತು, ಅಂದ್ರೆ ಒಳಗೆ ಅಂಟುರೋಗ ಇದೆ ಅನ್ನೋ ಗುರುತು. ದಾರೀಲೇ ಸುಮಾರು 100 ಜನ ಸತ್ತಿದ್ರು, ಸುಮಾರು 300 ಜನ ಮಲಗಿದ್ರು, ದಡಕ್ಕೆ ಇಳಿದ ಮೇಲೂ ಹತ್ತಿರ ಹತ್ತಿರ 70 ಜನ ಹೋದ್ರು. ಕಾಯಿಲೆ ಟೈಫಸ್. (ಟೈಫಾಯ್ಡ್ ಬೇರೆ, ಅದು ನೀರು ಊಟದಿಂದ ಬರೋದು. ಇದು ಬಟ್ಟೆಯಲ್ಲಿ ಸೇರ್ಕೊಳ್ಳೋ ಹೇನಿಂದ ಬರೋದು.)

ಈ ಪ್ರಕರಣದಲ್ಲಿ ಬರೋ ಜನರ ಹೆಸರು ನಾನು ಹಾಕ್ತಿಲ್ಲ, ಕ್ಯಾಪ್ಟನ್, ದೊಡ್ಡ ಡಾಕ್ಟ್ರು, ಚಿಕ್ಕ ಡಾಕ್ಟ್ರು, ಪೈಲಟ್ (ಬಂದರಿಗೆ ಬರೋ ಹಡಗಿಗೆ ದಾರಿ ತೋರಿಸೋನು) ಅಂತ ಅವರವರ ಕೆಲಸದಿಂದಲೇ ಕರೀತೀನಿ. ಯಾವ ತೀರ್ಮಾನ ಎಲ್ಲಿ ಆಯ್ತು, ಆಗ ಬೇರೆ ದಾರಿ ಇತ್ತಾ, ಅದರಿಂದ ಏನಾಯ್ತು ಅನ್ನೋದಷ್ಟೇ ನನಗೆ ಬೇಕಾಗಿರೋದು. ನನ್ನ ಅಭಿಪ್ರಾಯ ಮೊದಲೇ ಹೇಳ್ಬಿಡ್ತೀನಿ: ಈ ಸಾವುಗಳಲ್ಲಿ ಬಹುಪಾಲು ಹಡಗು ಲಂಗರು ಎತ್ತೋಕೆ ಮುಂಚೆನೇ, ಆಫೀಸಲ್ಲಿ ಕೂತು ಮಾಡಿದ ತೀರ್ಮಾನಗಳಿಂದ ಆದವು. ಆಮೇಲೆ ಸಮುದ್ರದ ಮಧ್ಯೆ ಯಾರು ಎಷ್ಟು ಒದ್ದಾಡಿದ್ರೂ ಅದನ್ನ ಪೂರ್ತಿ ತಡೆಯೋಕೆ ಆಗೋ ಹಾಗಿರಲಿಲ್ಲ.

ಹಿನ್ನೆಲೆ

1851ರಲ್ಲಿ ಮೆಲ್ಬರ್ನ್ ಇರೋ ವಿಕ್ಟೋರಿಯಾ ಅನ್ನೋ ಬ್ರಿಟಿಷ್ ವಸಾಹತಿನಲ್ಲಿ ಚಿನ್ನ ಸಿಕ್ಕಿತು. ಸಿಕ್ಕಿದ್ದೇ ತಡ ಕುರಿ ಕಾಯೋರು, ಉಣ್ಣೆ ಕತ್ತರಿಸೋರು, ಊರಲ್ಲಿ ಕೂಲಿ ಮಾಡೋರು ಎಲ್ಲ ಕೆಲಸ ಬಿಟ್ಟು ಗುದ್ದಲಿ ಹಿಡ್ಕೊಂಡು ಚಿನ್ನದ ಕಡೆ ಓಡಿದ್ರು. ಆ ವಸಾಹತು ನಿಂತಿದ್ದೇ ಉಣ್ಣೆ ಮೇಲೆ, ಇಂಗ್ಲೆಂಡಿನ ಮಿಲ್‌ಗಳಿಗೂ ಆ ಉಣ್ಣೆ ಬೇಕು, ಹಾಗಾಗಿ ಕುರಿ ಕಾಯೋಕೆ ಜನ ಕಳಿಸಿ ಕಳಿಸಿ ಅಂತ ಲಂಡನ್‌ಗೆ ಒತ್ತಡ ಹೋಯ್ತು. ಆಗ ಈ ಕೆಲಸ ನೋಡ್ಕೊಳ್ತಿದ್ದದ್ದು ವಲಸೆ ಕಮಿಷನ್, ವಸಾಹತಿನ ಜಮೀನು ಮಾರಿ ಬಂದ ದುಡ್ಡಲ್ಲಿ ಬಡವರಿಗೆ ಹಡಗಿನ ಖರ್ಚು ಕೊಟ್ಟು ಕಳಿಸೋ ಸರ್ಕಾರಿ ಸಂಸ್ಥೆ.

ಇನ್ನೊಂದು ಕಡೆ ಸ್ಕಾಟ್ಲೆಂಡಿನ ಹೈಲ್ಯಾಂಡ್ಸ್, ಅಂದ್ರೆ ಉತ್ತರದ ಬೆಟ್ಟದ ಸೀಮೆ. ಅಲ್ಲಿ 1846ರಿಂದ ಆಲೂಗಡ್ಡೆ ಬೆಳೆಗೆ ರೋಗ ಬಂದು ಜನ ಹಸಿವಲ್ಲಿದ್ರು, ಅದಕ್ಕೂ ಮುಂಚಿನಿಂದಲೇ ಜಮೀನ್ದಾರರು ಒಕ್ಕಲುಗಳನ್ನ ಎಬ್ಬಿಸಿ ಆ ಜಾಗಕ್ಕೆ ಕುರಿ ಬಿಡ್ತಿದ್ರು. ಕುರಿಗೋಸ್ಕರ ಮನೆ ಕಳ್ಕೊಂಡವರು ಈಗ ಭೂಮಿಯ ಆ ಕೊನೆಗೆ ಕುರಿ ಕಾಯೋಕೆ ಹೊರಟಿದ್ರು, ಓದಿದಾಗ ಹೊಟ್ಟೆ ಕಿವುಚಿದ ಹಾಗಾಗತ್ತೆ. ಹಡಗಿನಲ್ಲಿದ್ದ ಬಹುಪಾಲು ಜನ ಸ್ಕಾಟ್ಲೆಂಡಿನವರೇ, ಅದರಲ್ಲಿ ಎಷ್ಟೋ ಜನಕ್ಕೆ ಗೇಲಿಕ್ ಬಿಟ್ರೆ ಇಂಗ್ಲಿಷ್ ಬರ್ತಿರ್ಲಿಲ್ಲ. ಉಳಿದವರಲ್ಲಿ ಹೆಚ್ಚಿನವರು ಇಂಗ್ಲೆಂಡಿನ ಹಳ್ಳಿಗಳವರು, ಸಾಮರ್‌ಸೆಟ್ ಕಡೆಯವರು.

ದಡದ ಮೇಲೆ ಆದ ತೀರ್ಮಾನಗಳು

ಮೊದಲನೇದು ಹಡಗಿನ ಆಯ್ಕೆ. ಚಿನ್ನದ ಸುದ್ದಿಗೆ ಇಡೀ ಜಗತ್ತೇ ಮೆಲ್ಬರ್ನ್ ಕಡೆ ಹೊರಟಿತ್ತು, ಹಡಗು ಬಾಡಿಗೆಗೆ ಸಿಗ್ತಾ ಇರಲಿಲ್ಲ, ಸಿಕ್ಕಿದ್ರೂ ರೇಟ್ ಜಾಸ್ತಿ, ಅಲ್ಲಿಗೆ ಹೋದ ಹಡಗಿನ ನಾವಿಕರೂ ಕೆಲಸ ಬಿಟ್ಟು ಚಿನ್ನ ಅಗೆಯೋಕೆ ಹೋಗ್ತಿದ್ರು. ಅದುವರೆಗೆ ಕಮಿಷನ್ ಸಾಮಾನ್ಯವಾಗಿ ಸಣ್ಣ ಹಡಗುಗಳನ್ನ ತಗೋತಿತ್ತು, ಒಂದೇ ಡೆಕ್‌ನಲ್ಲಿ, ಅಂದ್ರೆ ಹಡಗಿನ ಒಂದೇ ಅಂತಸ್ತಿನಲ್ಲಿ ಜನ. ಆ ವರ್ಷ ಅಮೆರಿಕಾ ಕಡೆ ಕಟ್ಟಿದ ದೊಡ್ಡ ಹಡಗುಗಳಿಗೆ ಕೈ ಹಾಕಿತು, ಅದರಲ್ಲಿ ಜನರಿಗೆ ಒಂದರ ಕೆಳಗೊಂದು ಎರಡು ಡೆಕ್. ಟಿಕಾಂಡರೋಗ ಸಾವಿರ ಟನ್‌ಗೂ ಸ್ವಲ್ಪ ಮೇಲಿನ ಕ್ಲಿಪ್ಪರ್, ಅಂದ್ರೆ ವೇಗಕ್ಕೆ ಅಂತಲೇ ಕಟ್ಟಿದ ಹಾಯಿಹಡಗು. ಒಂದೇ ಸಲಕ್ಕೆ ಎರಡು ಹಡಗಿನಷ್ಟು ಜನ ಹೋಗ್ತಾರೆ, ಬೇಗ ಹೋಗ್ತಾರೆ, ಕಾಗದದ ಮೇಲೆ ಎಲ್ಲಾ ಚೆನ್ನಾಗೇ ಕಾಣ್ತಿತ್ತು.

ಎರಡನೇದು ಮಕ್ಕಳು. ಚಿಕ್ಕ ಮಕ್ಕಳು ಜಾಸ್ತಿ ಇರೋ ಕುಟುಂಬಗಳನ್ನ ಕಮಿಷನ್ ಮುಂಚೆ ತಗೋತಿರ್ಲಿಲ್ಲ, ಯಾಕಂದ್ರೆ ಉದ್ದದ ಪ್ರಯಾಣದಲ್ಲಿ ಮೊದಲು ಸಾಯೋದು ಪುಟ್ಟ ಮಕ್ಕಳೇ, ದಡಾರ ಕೆಂಪುಜ್ವರ ಇಂಥವೆಲ್ಲ ಹರಡೋದೂ ಅವರಿಂದಲೇ ಅಂತ ಅನುಭವದಿಂದ ಗೊತ್ತಿತ್ತು. 1852ರಲ್ಲಿ ಒಂಟಿ ಗಂಡಸರು ಬಂದ್ರೆ ನೇರ ಚಿನ್ನಕ್ಕೆ ಓಡಿ ಹೋಗ್ತಾರೆ, ಸಂಸಾರಸ್ಥರು ಆದ್ರೆ ಕುರಿ ಹಟ್ಟಿಯಲ್ಲಿ ನಿಲ್ತಾರೆ ಅನ್ನೋ ಲೆಕ್ಕದಲ್ಲಿ ಆ ನಿಯಮ ಸಡಿಲ ಮಾಡಿದ್ರು. ಇದರ ಜೊತೆಗೆ ಕಾನೂನಿನ ಇನ್ನೊಂದು ಲೆಕ್ಕ ಸೇರಿಕೊಳ್ತು. 14 ವರ್ಷದೊಳಗಿನ ಇಬ್ಬರು ಮಕ್ಕಳು ಅಂದ್ರೆ ಒಬ್ಬ ದೊಡ್ಡ ಮನುಷ್ಯ, ಒಂದು ವರ್ಷದೊಳಗಿನ ಕೂಸು ಲೆಕ್ಕಕ್ಕೇ ಇಲ್ಲ. ಹಾಗಾಗಿ ಮಕ್ಕಳು ಜಾಸ್ತಿ ಆದಷ್ಟೂ ಪುಸ್ತಕದಲ್ಲಿ ಹಡಗು ಖಾಲಿ ಖಾಲಿ ಕಾಣತ್ತೆ, ಒಳಗಡೆ ಮಾತ್ರ ಕಾಲಿಡೋಕೆ ಜಾಗ ಇರಲ್ಲ. ನನ್ನ ಪ್ರಕಾರ ಇಡೀ ಪ್ರಕರಣದಲ್ಲಿ ಅತಿ ಅಪಾಯದ ತೀರ್ಮಾನ ಇದೇ, ಯಾಕಂದ್ರೆ ಇದನ್ನ ಮಾಡುವಾಗ ಯಾರಿಗೂ ಅಪಾಯ ಅಂತ ಅನ್ನಿಸಿರ್ಲಿಲ್ಲ, ನಿಯಮದ ಒಳಗೇ ಇತ್ತು.

ಕೆಳಗಿನ ಡೆಕ್ ಹೇಗಿತ್ತು ಅಂತ ಸ್ವಲ್ಪ ಬಿಡಿಸಿ ಹೇಳ್ಬೇಕು. ಗೋಡೆ ಉದ್ದಕ್ಕೂ ಎರಡು ಅಂತಸ್ತಿನ ಮರದ ಹಲಗೆ ಬರ್ತ್‌ಗಳು, ನಮ್ಮ ಸ್ಲೀಪರ್ ಬಸ್ಸಿನಲ್ಲಿ ಗಂಡ ಹೆಂಡತಿ ಮಲಗೋ ಬರ್ತ್ ಇದ್ಯಲ್ಲ, ಹೆಚ್ಚು ಕಮ್ಮಿ ಅಷ್ಟೇ ಅಗಲ, ಅದರಲ್ಲೇ ಮೂರು ತಿಂಗಳು. ಮಧ್ಯದಲ್ಲಿ ಉದ್ದನೆ ಊಟದ ಮೇಜು, ಬೆಂಚು, ಅದರ ಅಡಿಯಲ್ಲೂ ಸಾಮಾನು. ಮುಂದಿನ ಭಾಗದಲ್ಲಿ ಒಂಟಿ ಗಂಡಸರು, ನಡುವೆ ಸಂಸಾರಗಳು, ಹಿಂದೆ ಒಂಟಿ ಹೆಣ್ಮಕ್ಕಳು. ಮೇಲಿನ ಡೆಕ್‌ಗೆ ಬಾಗಿಲಿಂದ ಅಷ್ಟೋ ಇಷ್ಟೋ ಗಾಳಿ ಬೆಳಕು ಬರತ್ತೆ. ಕೆಳಗಿನ ಡೆಕ್‌ಗೆ ಬರೋದು ಮೇಲಿನವರು ಉಸಿರಾಡಿ ಬಿಟ್ಟ ಗಾಳಿ. ಅಷ್ಟೇ ಅಲ್ಲ, ಮೇಲೆ ನೀರು ಚೆಲ್ಲಿದ್ರೆ, ಮಗು ವಾಂತಿ ಮಾಡಿದ್ರೆ, ಬಕೆಟ್ ಮಗುಚಿದ್ರೆ ಹಲಗೆ ಸಂದಿಯಿಂದ ಕೆಳಗಿನವರ ಹಾಸಿಗೆ ಮೇಲೇ ತೊಟ್ಟಿಕ್ಕೋದು.

ನಿಯಮಗಳು ಇರಲಿಲ್ವಾ ಅಂದ್ರೆ ಇದ್ವು, ಒಳ್ಳೆ ನಿಯಮಗಳೇ. ಬೆಳಿಗ್ಗೆ ಏಳಕ್ಕೆ ಏಳ್ಬೇಕು, ಹಾಸಿಗೆ ಸುತ್ತಿಡ್ಬೇಕು, ತಿಂಡಿಗೆ ಮುಂಚೆ ನೆಲ ಗುಡಿಸ್ಬೇಕು, ವಾರಕ್ಕೆ ಎರಡು ದಿನ ಬಟ್ಟೆ ಒಗೆಯೋದು, ಅದೂ ಮೇಲೆ ಬಯಲಲ್ಲಿ, ಒಳಗಡೆ ಒದ್ದೆ ಬಟ್ಟೆ ಹರವೋ ಹಾಗಿಲ್ಲ, ಹಾಸಿಗೆಗಳನ್ನ ಮೇಲೆ ತಂದು ಗಾಳಿಗೆ ಹಾಕ್ಬೇಕು. ಈ ಶಿಸ್ತು ಕೈದಿಗಳ ಹಡಗಿನ ಕಾಲದಿಂದ ಬಂದದ್ದು. 1814ರಲ್ಲಿ ಸಿಡ್ನಿಗೆ ಬಂದ ಮೂರು ಕೈದಿ ಹಡಗುಗಳಲ್ಲಿ ತುಂಬಾ ಜನ ಸತ್ತಾಗ ವಿಲಿಯಂ ರೆಡ್‌ಫರ್ನ್ ಅನ್ನೋ ಸರ್ಜನ್ ವರದಿ ಕೊಟ್ಟಿದ್ರು, ಗಾಳಿ, ಶುಚಿತ್ವ, ಅಧಿಕಾರ ಇರೋ ಡಾಕ್ಟರ್, ಈ ಮೂರೂ ಬೇಕು ಅಂತ. ಆಮೇಲೆ ಆಸ್ಟ್ರೇಲಿಯಾ ದಾರಿಯ ಹಡಗುಗಳಲ್ಲಿ ಸಾವು ನಿಜಕ್ಕೂ ಕಮ್ಮಿ ಆಯ್ತು. ಅಂದ್ರೆ ಏನು ಮಾಡ್ಬೇಕು ಅಂತ ಸುಮಾರು 40 ವರ್ಷದಿಂದ ಗೊತ್ತಿತ್ತು. ಆದರೆ ಆ ನಿಯಮಗಳನ್ನ ಬರೆದದ್ದು ಒಂದು ಡೆಕ್, ಇನ್ನೂರು ಮುನ್ನೂರು ಜನರನ್ನ ಮನಸ್ಸಲ್ಲಿಟ್ಕೊಂಡು. ಅದನ್ನೇ ಎಂಟುನೂರು ಜನಕ್ಕೆ ಎರಡು ಡೆಕ್‌ಗೆ ಹಾಕಿದಾಗ ಮೇಲಿನ ಬಯಲಿನಲ್ಲಿ ಅಷ್ಟೂ ಹಾಸಿಗೆ ಹರವೋಕೆ ಜಾಗವೇ ಇಲ್ಲ, ಅಷ್ಟೂ ಜನ ನಿಲ್ಲೋಕೂ ಜಾಗ ಇಲ್ಲ. ಇಬ್ಬರು ಡಾಕ್ಟ್ರು ಇದ್ರು ಅನ್ನೋದೊಂದೇ ಹೆಚ್ಚಿನ ಏರ್ಪಾಡು.

ಸಮುದ್ರದ ಮೇಲೆ

ಮೊದಲ ವಾರಗಳು ಪರವಾಗಿರ್ಲಿಲ್ಲ ಅಂತಲೇ ಹೇಳ್ಬೇಕು, ಬಿಸಿಲಿನ ದಿನಗಳು, ಜನ ಮೇಲೆ ಬಂದು ಕೂರ್ತಿದ್ರು, ಸಾವುಗಳು ಆದ್ರೂ ಎಲ್ಲರೂ ಹೆದರೋ ಮಟ್ಟಕ್ಕೆ ಇರಲಿಲ್ಲ. ಸಮಭಾಜಕ ದಾಟಿ ದಕ್ಷಿಣಕ್ಕೆ ಇಳಿದ ಮೇಲೆ ಕಥೆ ಬದಲಾಯ್ತು.

ಇಲ್ಲಿ ದಾರಿಯ ವಿಷಯ ಬರತ್ತೆ. 1850ರ ಆಸುಪಾಸಲ್ಲಿ ಆಸ್ಟ್ರೇಲಿಯಾಗೆ ಹೋಗೋ ಹಡಗುಗಳು ಹೊಸ ದಾರಿ ಹಿಡಿದಿದ್ವು. ಭೂಮಿ ಗುಂಡಗಿರೋದ್ರಿಂದ ತುಂಬಾ ದಕ್ಷಿಣಕ್ಕೆ ಇಳಿದು ಹೋದ್ರೆ ದೂರ ಕಮ್ಮಿ, ಅಲ್ಲಿ ಪಶ್ಚಿಮದ ಗಾಳಿಯೂ ಜೋರು, ವಾರಗಟ್ಟಲೆ ಸಮಯ ಉಳಿಯತ್ತೆ. ಆದರೆ ಆ ಕಡೆ ವಿಪರೀತ ಚಳಿ, ಅಲೆ ಡೆಕ್ ಮೇಲೆ ಹೊಡೆಯತ್ತೆ, ನೀರು ಒಳಗೆ ನುಗ್ಗಬಾರ್ದು ಅಂತ ಬಾಗಿಲುಗಳನ್ನ ಮುಚ್ಚಲೇಬೇಕು. ಅಂದ್ರೆ ಇದ್ದ ಚೂರು ಗಾಳಿಯೂ ಹೋಯ್ತು. ಜನ ತಮ್ಮ ಹತ್ರ ಇದ್ದ ಬಟ್ಟೆ ಎಲ್ಲಾ ಒಂದರ ಮೇಲೊಂದು ಹಾಕ್ಕೊಂಡು ಒಬ್ಬರಿಗೊಬ್ಬರು ಅಂಟ್ಕೊಂಡು ಕೂತ್ರು, ಬಟ್ಟೆ ಒಗೆಯೋದು ನಿಂತಿತು, ಒಗೆದ್ರೂ ಒಣಗೋದಿಲ್ಲ, ಉಪ್ಪುನೀರಲ್ಲಿ ಸೋಪು ನೊರೆ ಬರೋದಿಲ್ಲ, ಕುಡಿಯೋ ನೀರನ್ನ ಒಗೆಯೋಕೆ ಕೊಡೋ ಹಾಗಿಲ್ಲ.

ಟೈಫಸ್‌ಗೆ ಇದಕ್ಕಿಂತ ಹೇಳಿ ಮಾಡಿಸಿದ ಜಾಗ ಬೇಕಾ? ಆ ಹೇನು ಬಟ್ಟೆಯ ಹೊಲಿಗೆ ಸಂದಿಯಲ್ಲಿ ಇರತ್ತೆ, ಮೈ ಬಿಸಿ ಬೇಕು ಅದಕ್ಕೆ. ಜ್ವರ ವಿಪರೀತ ಏರಿದಾಗ ಆ ಮೈಯನ್ನ ಬಿಡತ್ತೆ, ಮನುಷ್ಯ ಸತ್ತು ತಣ್ಣಗಾದ್ರೂ ಬಿಡತ್ತೆ, ಬಿಟ್ಟು ಪಕ್ಕದಲ್ಲಿ ಮಲಗಿದವರ ಮೈಗೆ ಹೋಗತ್ತೆ. ಅದರ ಹಿಕ್ಕೆಯಲ್ಲಿ ರೋಗಾಣು ಇರತ್ತೆ, ಕೆರ್ಕೊಂಡಾಗ ಗಾಯದಿಂದ ಒಳಗೆ ಹೋಗತ್ತೆ, ಒಂದೆರಡು ವಾರ ಏನೂ ಗೊತ್ತಾಗಲ್ಲ, ಆಮೇಲೆ ತಲೆ ಸಿಡಿಯೋ ನೋವು, ಜ್ವರ, ಮೈಮೇಲೆ ಕೆಂಪು ಚುಕ್ಕೆ, ಬಡಬಡಿಸೋದು. ತಾಯಿ ಮಲಗಿದಾಗ ಮಗು ಅವಳ ಪಕ್ಕದಲ್ಲೇ, ತಾಯಿ ಸತ್ತ ಮೇಲೆ ಅವಳ ಶಾಲು ಮಗಳ ಮೈಮೇಲೆ. ಪ್ರೀತಿಯಿಂದ ಮಾಡೋ ಕೆಲಸಗಳೇ ಅಲ್ಲಿ ರೋಗ ದಾಟಿಸ್ತಿದ್ವು.

ಹೇನಿನ ವಿಷಯ ಆಗ ಯಾರಿಗೂ ಗೊತ್ತಿರ್ಲಿಲ್ಲ, ಅದನ್ನ ಷಾರ್ಲ್ ನಿಕೋಲ್ ಅನ್ನೋ ಫ್ರೆಂಚ್ ವಿಜ್ಞಾನಿ ತೋರಿಸಿದ್ದು 1909ರಲ್ಲಿ. 1852ರ ಡಾಕ್ಟ್ರು ನಂಬಿದ್ದು ಕೆಟ್ಟ ವಾಸನೆ, ಕೆಟ್ಟ ಗಾಳಿಯಿಂದ ಜ್ವರ ಬರತ್ತೆ ಅಂತ. ತಪ್ಪು ಸಿದ್ಧಾಂತವೇ, ಆದ್ರೂ ಅದರಿಂದ ಬರೋ ಸಲಹೆ, ಅಂದ್ರೆ ಗುಂಪು ಕಮ್ಮಿ ಮಾಡಿ, ಗಾಳಿ ಬಿಡಿ, ಬಟ್ಟೆ ಹಾಸಿಗೆ ಶುಚಿ ಮಾಡಿ ಅನ್ನೋದು, ಟೈಫಸ್‌ಗೂ ಸರಿಯಾದ ಸಲಹೆನೇ. ಹಾಗಾಗಿ ಆಗಿನ ಕಾಲಕ್ಕೆ ವಿಜ್ಞಾನ ಬೆಳೆದಿರ್ಲಿಲ್ಲ, ಪಾಪ ಏನು ಮಾಡ್ತಾರೆ ಅಂತ ಹೇಳಿ ಕೈ ತೊಳ್ಕೊಳ್ಳೋದನ್ನ ನಾನು ಒಪ್ಪಲ್ಲ. ಗೊತ್ತಿದ್ದ ಸಲಹೆಯನ್ನ ಪಾಲಿಸೋಕೇ ಆಗದ ಹಡಗನ್ನ ಆರಿಸಿದ್ರು, ಅದು ವಿಷಯ.

ಏನೇನು ಪ್ರಯತ್ನ ಮಾಡಿದ್ರು? ಸುಣ್ಣದ ಪುಡಿ ಥರದ ಸೋಂಕುನಾಶಕ ಚೆಲ್ಲಿದ್ರು. ರೋಗಿಗಳಿಗೆ ಬ್ರಾಂದಿ, ವೈನ್, ಆರಾರೂಟ್ ಗಂಜಿ, ಆಗಿನ ಚಿಕಿತ್ಸೆ ಅಂದ್ರೆ ಹೆಚ್ಚು ಕಮ್ಮಿ ಇಷ್ಟೇ. ಹಡಗಿನ ಆಸ್ಪತ್ರೆ ಅಂತ ಇದ್ದ ಕೋಣೆ ಬಹಳ ಬೇಗ ತುಂಬಿತು, ಆಮೇಲೆ ರೋಗಿಗಳು ಅವರವರ ಬರ್ತ್‌ನಲ್ಲೇ ಮಲಗಿದ್ರು, ಅಂದ್ರೆ ಬೇರ್ಪಡಿಸೋದು ಅಲ್ಲಿಗೆ ಮುಗೀತು. ಶುಚಿ ಮಾಡೋ ಕೆಲಸ ಮತ್ತು ರೋಗಿಗಳ ಆರೈಕೆ ಎರಡೂ ಪ್ರಯಾಣಿಕರೇ ಮಾಡ್ಬೇಕಿತ್ತು. ನೆಟ್ಟಗಿದ್ದವರು ಕೆಳಗಿನ ಡೆಕ್‌ಗೆ ಇಳಿಯೋಕೆ ಹೆದರಿದ್ರು, ಇಳಿದವರು ಒಂದೆರಡು ವಾರಕ್ಕೆ ಮಲಗಿದ್ರು. ಜನ ಕಮ್ಮಿ ಆದಷ್ಟೂ ಗಲೀಜು ಜಾಸ್ತಿ, ಗಲೀಜು ಜಾಸ್ತಿ ಆದಷ್ಟೂ ಇಳಿಯೋರು ಕಮ್ಮಿ. ಆ ಹೊತ್ತಿಗೆ ದೊಡ್ಡ ಡಾಕ್ಟ್ರೇ ಜ್ವರ ಹಿಡ್ಕೊಂಡು ಮಲಗಿದ್ರು. ಪ್ರಯಾಣದ ಅತಿ ಕಷ್ಟದ ದಿನಗಳಲ್ಲಿ ಭಾರ ಬಿದ್ದದ್ದು ಚಿಕ್ಕ ಡಾಕ್ಟ್ರ ಮೇಲೆ, ಅವರ ಜೊತೆ ಕೈಜೋಡಿಸಿದ ಕೆಲವು ಹೆಣ್ಣುಮಕ್ಕಳ ಮೇಲೆ. ಔಷಧಿ, ಬ್ರಾಂದಿ ಖಾಲಿ ಆಗ್ತಾ ಬಂತು. ಆ ಹೆಣ್ಣುಮಕ್ಕಳಲ್ಲಿ ಒಬ್ಬಳು, ಹೈಲ್ಯಾಂಡ್ಸ್‌ನವಳು, ಆಮೇಲೆ ಆ ಚಿಕ್ಕ ಡಾಕ್ಟ್ರನ್ನೇ ಮದುವೆ ಆದ್ಲು, ಅದೊಂದು ಸಂತೋಷದ ವಿಷಯ ಈ ಪ್ರಕರಣದಲ್ಲಿ.

ಸತ್ತವರನ್ನ ಬಟ್ಟೆಯಲ್ಲಿ ಸುತ್ತಿ ಸಮುದ್ರಕ್ಕೆ ಇಳಿಸ್ತಿದ್ರು, ಒಂದೇ ದಿನಕ್ಕೆ ಹಲವು ಸಲ. ಇದರ ಮಧ್ಯೆನೇ ಹೆರಿಗೆಗಳೂ ಆದವು, ಅದೇ ಡೆಕ್‌ನಲ್ಲಿ.

ದಾರಿ ಮಧ್ಯೆ ಆಫ್ರಿಕಾದ ದಕ್ಷಿಣ ತುದಿ ಹತ್ರದ ಕೇಪ್ ಟೌನ್ ಬಂದರಿನ ಕಡೆ ತಿರುಗಿಸ್ಬಹುದಿತ್ತಲ್ಲ ಅಂತ ಕೇಳ್ಬಹುದು. ಕೇಪ್‌ಗೆ ಹತ್ತಿರ ಇದ್ದಾಗ ಪರಿಸ್ಥಿತಿ ಇಷ್ಟು ಕೈಮೀರಿರಲಿಲ್ಲ, ಕೈಮೀರಿದ ಮೇಲೆ ಹಡಗು ದಕ್ಷಿಣ ಸಮುದ್ರದಲ್ಲಿ, ಹಿಂದಿನಿಂದ ಗಾಳಿ ತಳ್ತಾ ಇದೆ, ವಾಪಸ್ ತಿರುಗೋದು ಅಂದ್ರೆ ಆ ಗಾಳಿಗೆ ಎದುರಾಗಿ ಇನ್ನೂ ಎಷ್ಟೋ ವಾರ. ಕ್ಯಾಪ್ಟನ್ ಮುಂದಕ್ಕೇ ಹೋದದ್ದು ನನಗೆ ಸರಿ ಅನ್ನಿಸತ್ತೆ. ಆದರೆ ಚಳಿ ಶುರುವಾಗೋ ಮುಂಚೆ, ಆಗಲೇ ಜ್ವರದ ಕೇಸ್‌ಗಳು ಕಂಡಿದ್ದಾಗ, ಅಷ್ಟು ದಕ್ಷಿಣಕ್ಕೆ ಇಳಿಯದೆ ಸ್ವಲ್ಪ ಮೇಲಿನ ದಾರಿ ಹಿಡಿಯೋಣ್ವಾ ಅನ್ನೋ ಪ್ರಶ್ನೆ ಏಳಬೇಕಿತ್ತು. ದಿನ ಜಾಸ್ತಿ ಆಗ್ತಿತ್ತು, ಬಾಗಿಲು ತೆರೆದಿರ್ತಿತ್ತು. ವೇಗ ಅಂದ್ರೆನೇ ಸುರಕ್ಷತೆ ಅಂತ ಆಗ ಎಲ್ಲರೂ ನಂಬಿದ್ರು, ಈ ಹಡಗಿನಲ್ಲಿ ವೇಗಕ್ಕೋಸ್ಕರ ಹಿಡಿದ ದಾರಿಯೇ ಜನರನ್ನ ಮುಚ್ಚಿದ ಬಾಗಿಲ ಒಳಗೆ ಕೂಡಿಹಾಕ್ತು.

ದಡ

ನವೆಂಬರ್ 3ಕ್ಕೆ ಕೊಲ್ಲಿ ಬಾಯಲ್ಲಿ ಪೈಲಟ್ ಹಡಗು ಹತ್ತಿದಾಗ ಕಂಡದ್ದು ಹೇಗಿತ್ತೋ ಊಹಿಸ್ಕೊಳ್ಳಿ. ಮಾಮೂಲಿ ಕ್ರಮ ಅಂದ್ರೆ ಹಡಗನ್ನ ಮೆಲ್ಬರ್ನ್ ಹತ್ತಿರಕ್ಕೇ ತಗೊಂಡು ಹೋಗೋದು, ಕ್ವಾರಂಟೈನ್ ಜಾಗ ಊರಿನ ಪಕ್ಕದ ಪಾಯಿಂಟ್ ಆರ್ಮಂಡ್‌ನಲ್ಲಿತ್ತು, 1840ರಲ್ಲಿ ಇನ್ನೊಂದು ಜ್ವರದ ಹಡಗನ್ನ ಅಲ್ಲೇ ಇಟ್ಟಿದ್ರು. ಆದರೆ ಕೊಲ್ಲಿ ಬಾಯಲ್ಲೇ ಇರೋ ಪಾಯಿಂಟ್ ನೆಪಿಯನ್‌ಗೆ ಆ ಜಾಗ ಬದಲಾಯಿಸ್ಬೇಕು ಅನ್ನೋ ಮಾತು ನಡೀತಿತ್ತು, ಅದು ಪೈಲಟ್‌ಗೆ ಗೊತ್ತಿತ್ತು. ಅಲ್ಲಿ ಇನ್ನೂ ಏನೂ ಕಟ್ಟಿರ್ಲಿಲ್ಲ, ಮೇಲಿನಿಂದ ಆರ್ಡರ್ ಬಂದಿರ್ಲಿಲ್ಲ. ಆದ್ರೂ ಹಡಗು ಅಲ್ಲೇ ನಿಲ್ಲಿಸಿದ್ರು. ಇಡೀ ಪ್ರಯಾಣದಲ್ಲಿ ಜನರ ಪರವಾಗಿ ಆದ ಅತಿ ದೊಡ್ಡ ತೀರ್ಮಾನ ಇದು ಅಂತ ನನ್ನ ಅನಿಸಿಕೆ, ಚಿನ್ನದ ಹುಚ್ಚಲ್ಲಿ ಡೇರೆ ಹಾಕ್ಕೊಂಡು ತುಂಬಿ ತುಳುಕ್ತಿದ್ದ ಮೆಲ್ಬರ್ನ್‌ಗೆ ಆ ಜ್ವರ ನುಗ್ಗಿದ್ರೆ ಏನಾಗ್ತಿತ್ತು!

ದಡದಲ್ಲಿ ಸುಣ್ಣ ಸುಡೋರ ಎರಡು ಮನೆ ಇದ್ವು, ಅವನ್ನ ತಗೊಂಡು ಆಸ್ಪತ್ರೆ ಮಾಡಿದ್ರು. ಹಡಗಿನ ಹಾಯಿ ಬಿಚ್ಚಿ, ಕಂಬಗಳನ್ನ ನೆಟ್ಟು ಟೆಂಟ್ ಹಾಕಿದ್ರು. ಸುದ್ದಿ ಮೆಲ್ಬರ್ನ್ ಮುಟ್ಟಿದ ಮೇಲೆ ಸರ್ಕಾರ ಬೇಗ ಓಡಾಡಿತು, ಡಾಕ್ಟ್ರು, ಆಹಾರ, ಔಷಧಿ ಬಂತು, ಲೈಸಾಂಡರ್ ಅನ್ನೋ ಹಡಗನ್ನ ಆಸ್ಪತ್ರೆ ಹಡಗಾಗಿ ಕಳಿಸಿದ್ರು. ಆಗಲೇ ಸೋಂಕು ತಗುಲಿದ್ದವರು ಸಾಯ್ತಾನೇ ಇದ್ರು, ಮೊದಲ ವಾರಗಳಲ್ಲಿ ದಿನಾ ಗುಂಡಿ ತೋಡೋ ಕೆಲಸ. ಆದರೆ ಜನ ಬಯಲಿಗೆ ಹರಡಿದ ಮೇಲೆ ಜ್ವರ ನಿಧಾನಕ್ಕೆ ಹಿಡಿತಕ್ಕೆ ಬಂತು, ಡಿಸೆಂಬರ್‌ನಲ್ಲಿ ಉಳಿದವರು ಮೆಲ್ಬರ್ನ್‌ಗೆ ಹೋದ್ರು. ಗಮನಿಸಿ, ದಡದಲ್ಲೂ ಹೊಸ ಔಷಧಿ ಏನೂ ಸಿಕ್ಕಿರ್ಲಿಲ್ಲ. ಜಾಗ ಸಿಕ್ಕಿತ್ತು, ಗಾಳಿ ಸಿಕ್ಕಿತ್ತು, ಬೇರೆ ಬೇರೆ ಮಲಗೋಕೆ ಆಗಿತ್ತು. ಹಡಗಿನಲ್ಲಿ ಏನು ಇರಲಿಲ್ವೋ ಅದು.

ವಿಚಾರಣೆ, ಮತ್ತು ಯಾರ ಮೇಲೆ ಹಾಕಿದ್ರು

ಮೆಲ್ಬರ್ನ್‌ನ ವಿಚಾರಣೆಯಲ್ಲಿ ಕಿಕ್ಕಿರಿದ ಜನ, ಎರಡು ಡೆಕ್, ಕೆಳಗಿನ ಡೆಕ್‌ನ ಗಲೀಜು ಇವೆಲ್ಲ ಕಾರಣ ಅಂತ ಬಂತು. ಅದರ ಜೊತೆಗೆ ವಲಸಿಗರ ಕೊಳಕು ಅಭ್ಯಾಸಗಳ ಮಾತೂ ಬಂತು, ಅದರಲ್ಲೂ ಹೈಲ್ಯಾಂಡ್ಸ್‌ನವರು ಶುಚಿಯಾಗಿರಲ್ಲ, ಮೇಲೆ ಗಾಳಿಗೆ ಬನ್ನಿ ಅಂದ್ರೆ ಬರಲ್ಲ ಅಂತ. ಇದು ನನಗೆ ಬಹಳ ನೋವು ಕೊಡೋ ಭಾಗ. ಹಸಿವಿನಿಂದ ಬಂದು, ಭಾಷೆ ಗೊತ್ತಿಲ್ಲದ ಜಾಗದಲ್ಲಿ, ಮಗು ಜ್ವರದಲ್ಲಿ ಮಲಗಿರುವಾಗ ಚಳಿಗಾಳಿಗೆ ಮೇಲೆ ಬಂದು ನಿಲ್ಲಲಿಲ್ಲ ಅಂತ ತಾಯಂದಿರನ್ನ ದೂರೋದಾ? ಮೂರು ತಿಂಗಳು ಒಗೆಯೋ ನೀರು ಕೊಡದೆ ಬಟ್ಟೆ ಕೊಳೆ ಅನ್ನೋದಾ? ಗುಂಪಿನ ಅಭ್ಯಾಸವೇ ಕಾರಣ ಆಗಿದ್ರೆ ಅದೇ ವರ್ಷ ಕಮಿಷನ್ ಕಳಿಸಿದ ಬೇರೆ ಎರಡು ಡೆಕ್ ಹಡಗುಗಳನ್ನೂ ನೋಡ್ಬೇಕು. ಮಾರ್ಕೋ ಪೋಲೋದಲ್ಲಿ ಐವತ್ತಕ್ಕೂ ಹೆಚ್ಚು ಸಾವು, ಬಹುಪಾಲು ಮಕ್ಕಳು, ಅದು ದಾಖಲೆ ವೇಗದ ಪ್ರಯಾಣ ಅಂತ ಹೆಸರು ಮಾಡಿದ ಹಡಗು. ಬೋರ್ನಫ್‌ನಲ್ಲಿ ಎಂಬತ್ತರ ಆಸುಪಾಸು, ಅಲ್ಲೂ ಮಕ್ಕಳೇ ಜಾಸ್ತಿ. ಹಡಗು ಬೇರೆ, ಜನ ಬೇರೆ, ಕಾಯಿಲೆ ಬೇರೆ. ಸಮಾನ ಆಗಿದ್ದದ್ದು ಎರಡು ಡೆಕ್ ಮತ್ತು ಮಕ್ಕಳ ನಿಯಮದ ಸಡಿಲಿಕೆ.

ಕಮಿಷನ್‌ಗೂ ಇದು ಅರ್ಥ ಆಯ್ತು ಅನ್ನೋಕೆ ಅವರು ಆಮೇಲೆ ಮಾಡಿದ್ದೇ ಸಾಕ್ಷಿ. ಎರಡು ಡೆಕ್‌ನಲ್ಲಿ ಜನ ತುಂಬೋ ಹಡಗುಗಳನ್ನ ಬಾಡಿಗೆಗೆ ಹಿಡಿಯೋದು ನಿಲ್ಲಿಸಿದ್ರು, ಚಿಕ್ಕ ಮಕ್ಕಳ ಸಂಖ್ಯೆಗೆ ಮತ್ತೆ ಮಿತಿ ಹಾಕಿದ್ರು, 1855ರಲ್ಲಿ ಪ್ರಯಾಣಿಕರ ಕಾನೂನೂ ಹೊಸದಾಗಿ ಬಂತು. ವಲಸಿಗರಿಗೆ ಶುಚಿತ್ವ ಕಲಿಸೋ ಕಾರ್ಯಕ್ರಮ ಏನೂ ಬೇಕಾಗ್ಲಿಲ್ಲ. ಪಾಯಿಂಟ್ ನೆಪಿಯನ್‌ನಲ್ಲಿ ತುರ್ತಿಗೆ ಅಂತ ಹಾಕಿದ ಆ ಹಾಯಿ ಟೆಂಟುಗಳ ಜಾಗ ವಸಾಹತಿನ ಕಾಯಂ ಕ್ವಾರಂಟೈನ್ ಕೇಂದ್ರ ಆಯ್ತು, 1980ರ ತನಕ ಕೆಲಸ ಮಾಡ್ತು.